ರಾತ್ರಿ ಚಾರ್ಜಿಗೆ ಹಾಕಿದ ಕಾರು ಅರ್ಧಕ್ಕೇ ನಿಂತರೆ: ದೋಷ ಹುಡುಕುವ ಕ್ರಮ

ಹಾಸನದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಎಲೆಕ್ಟ್ರಿಕ್ ಕಾರು ತಂದು ಎರಡು ತಿಂಗಳಾಗಿತ್ತು. ರಾತ್ರಿ ಊಟ ಮುಗಿಸಿ, ಪೋರ್ಟಿಕೋದ ಪವರ್ ಪ್ಲಗ್ಗಿಗೆ ಕಾರಿನ ಜೊತೆ ಬಂದ ಚಾರ್ಜರ್ ಸಿಕ್ಕಿಸಿ ಮಲಗುತ್ತಿದ್ದರು. ಮೊದಮೊದಲು ಬೆಳಗ್ಗೆ ಬ್ಯಾಟರಿ ಪೂರ್ತಿ ತುಂಬಿರುತ್ತಿತ್ತು. ಆಮೇಲೆ ಒಂದು ದಿನ ಅರ್ಧಕ್ಕೇ ನಿಂತಿತು. ಮರುದಿನ ಸರಿ ಹೋಯಿತು. ವಾರ ಬಿಟ್ಟು ಮತ್ತೆ ನಿಂತಿತು. ಬೇಸಿಗೆ ಬಲಿಯುವ ಹೊತ್ತಿಗೆ ದಿನಾ ಮುಕ್ಕಾಲು ಗಂಟೆಗೇ ನಿಲ್ಲತೊಡಗಿತು. ಸರ್ವಿಸ್ ಸೆಂಟರ್‌ನವರು ಎರಡು ಸಲ ನೋಡಿ, ಕಾರಿನಲ್ಲಿ ಏನೂ ತೊಂದರೆಯಿಲ್ಲ ಎಂದು ಕಳಿಸಿದ್ದರು. ಅವರು ಹೇಳಿದ್ದು ನಿಜವೇ ಆಗಿತ್ತು.

ನಾನು ಮನೆಗಳ ವೈರಿಂಗ್ ಕೆಲಸ ಮಾಡುವವನು. ಹೋದ ಕೂಡಲೇ ಮೇಷ್ಟ್ರು ಕೇಳಿದ ಪ್ರಶ್ನೆ ಇದು: "ಬಾತ್‌ರೂಮಿನ ಗೀಸರ್‌ಗೂ ಇಂಥದ್ದೇ 16 ಆಂಪ್ ಪಾಯಿಂಟು ಕಣಪ್ಪ. ಹದಿನೈದು ವರ್ಷದಿಂದ ನಡೀತಿದೆ. ಅದಕ್ಕೆ ಆಗೋದು ಕಾರಿಗೆ ಯಾಕೆ ಆಗಲ್ಲ?"

ನಾನು ನೋಡಿದ ಚಾರ್ಜಿಂಗ್ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಒಂದು ನಂಬಿಕೆಯಿಂದ. 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪ್. ಹದಿನೈದು ಇಪ್ಪತ್ತು ನಿಮಿಷಕ್ಕೆ ನೀರು ಕಾದು ಥರ್ಮೋಸ್ಟ್ಯಾಟ್ ತಾನೇ ಕಡಿಯುತ್ತದೆ. ವೈರಿಗೂ ಸಾಕೆಟ್ಟಿಗೂ ತಣಿಯಲು ಇಡೀ ದಿನ ಉಂಟು. 3.3 ಕಿಲೋವ್ಯಾಟ್ ಕಾರ್ ಚಾರ್ಜರ್ 14 ಆಂಪ್‌ಗೂ ಮೇಲೆ ಎಳೆಯುತ್ತದೆ. 30 ಯೂನಿಟ್ ಹಿಡಿಯುವ ಬ್ಯಾಟರಿ ಬರಿದಾಗಿದ್ದರೆ ಹತ್ತು ಗಂಟೆ ಒಂದೇ ಸಮ ಎಳೆಯುತ್ತದೆ, ನಡುವೆ ಒಂದು ನಿಮಿಷವೂ ಬಿಡುವಿಲ್ಲ. ನಮ್ಮ ಮನೆಗಳಲ್ಲಿ ಇಷ್ಟು ಕರೆಂಟನ್ನು ಇಷ್ಟು ಹೊತ್ತು ಎಳೆಯುವ ಬೇರೆ ಸಾಮಾನು ಇಲ್ಲ. ಹದಿನೈದು ವರ್ಷ ಮುಚ್ಚಿಕೊಂಡಿದ್ದ ಸಣ್ಣ ಸಡಿಲವನ್ನು ಕಾರು ಎರಡೇ ತಿಂಗಳಲ್ಲಿ ಹೊರಗೆ ಎಳೆಯುತ್ತದೆ.

ಮುಂದೆ ಹೇಳುವುದರಲ್ಲಿ ಮನೆಯವರು ಮಾಡಬಹುದಾದ್ದು ನೋಡುವುದು, ಮೂಸುವುದು, ಹೊತ್ತು ಬರೆದಿಡುವುದು, ಸ್ವಿಚ್ ಆರಿಸುವುದು, ಆರಿಸಿದ ಮೇಲೆ ಪ್ಲಗ್ ಮುಟ್ಟಿ ನೋಡುವುದು, ಇಷ್ಟೇ. ಸಾಕೆಟ್ ಬಿಚ್ಚುವುದು, ಡಿಬಿ ಬಾಕ್ಸಿನ (ಮನೆಯ ಲೈನ್‌ಗಳೆಲ್ಲ ಕವಲೊಡೆಯುವ ಸ್ವಿಚ್ ಪೆಟ್ಟಿಗೆಯ) ಮುಚ್ಚಳ ತೆಗೆಯುವುದು, ಮೀಟರ್ ಹಿಡಿದು ಅಳೆಯುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಅವರಿಗೂ ಒಂದು ಮಾತು ನೆನಪಿಸಬೇಕು: ಮೇನ್ ಆರಿಸಿದರೂ ಮನೆಯ ಯುಪಿಎಸ್ ಕೆಲವು ವೈರ್‌ಗಳಲ್ಲಿ ಕರೆಂಟ್ ಉಳಿಸಿರುತ್ತದೆ. ಅದನ್ನೂ ಆರಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಬೇಕು.

ಯಾವಾಗ ನಿಂತಿತು ಎಂಬುದೇ ಮೊದಲ ಸುಳಿವು

ಚಾರ್ಜರ್ ವೈರಿನ ನಡುವೆ ಒಂದು ಡಬ್ಬಿ ಇರುತ್ತದಲ್ಲ, ಅದು ಬರೀ ದೀಪ ತೋರಿಸುವ ಡಬ್ಬಿಯಲ್ಲ. ಅದರೊಳಗೆ ಒಂದು ರಿಲೇ, ಅಂದರೆ ತಾನೇ ಕೂಡಿ ಬಿಡುವ ಸ್ವಿಚ್, ಇದೆ. ಗೋಡೆಗೆ ಪ್ಲಗ್ ಹಾಕಿದ ಕೂಡಲೇ ಕಾರಿನ ಕಡೆಗೆ ಕರೆಂಟ್ ಹೋಗುವುದಿಲ್ಲ. ಡಬ್ಬಿ ಮೊದಲು ಮನೆಯ ವೋಲ್ಟೇಜ್ ನೋಡುತ್ತದೆ, ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಇದೆಯೇ ಎಂದು ನೋಡುತ್ತದೆ. ಗನ್ನನ್ನು, ಅಂದರೆ ಚಾರ್ಜರ್ ವೈರಿನ ಇನ್ನೊಂದು ತುದಿಯನ್ನು, ಕಾರಿಗೆ ಹಾಕಿದ ಮೇಲೆ ಒಂದು ತೆಳು ವೈರಿನಲ್ಲಿ 12 ವೋಲ್ಟ್‌ನ ಸಣ್ಣ ಸಂಕೇತದ ಮೂಲಕ ಕಾರಿನ ಜೊತೆ ಮಾತಾಡುತ್ತದೆ. ಎಷ್ಟು ಆಂಪ್ ಎಳೆಯಬಹುದು ಎಂದು ಡಬ್ಬಿ ತಿಳಿಸುತ್ತದೆ, ಕಾರು ಆ ಸಂಕೇತದ ವೋಲ್ಟೇಜನ್ನು 9ಕ್ಕೂ ಆಮೇಲೆ 6ಕ್ಕೂ ಇಳಿಸಿ ತಾನು ಸಿದ್ಧ ಎಂದು ಉತ್ತರ ಕೊಡುತ್ತದೆ. ಆಗ "ಟಕ್" ಎಂದು ಸದ್ದಾಗುತ್ತದೆ. ರಿಲೇ ಕೂಡಿತು, ಕರೆಂಟ್ ಹರಿಯಿತು.

ಆ ಟಕ್ ಸದ್ದನ್ನು ನಡುವೆ ಇಟ್ಟುಕೊಂಡು ಯೋಚಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಸದ್ದಾಗುವ ಮೊದಲೇ ಕೆಂಪು ದೀಪ ಬಂದರೆ ಅರ್ಥ್, ವೋಲ್ಟೇಜ್, ಇಲ್ಲವೇ ಫೇಸ್ (ಕರೆಂಟ್ ಬರುವ ವೈರ್) ನ್ಯೂಟ್ರಲ್ (ಹಿಂದಿರುಗುವ ವೈರ್) ಅದಲು ಬದಲಾಗಿರುವುದು. ಸದ್ದಾದ ಮರುಕ್ಷಣವೇ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಬಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಇಪ್ಪತ್ತು ನಿಮಿಷದಿಂದ ಒಂದು ಗಂಟೆಯೊಳಗೆ ನಿಂತರೆ ಬಿಸಿ. ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ತೊಂದರೆ, ನಡುರಾತ್ರಿ ಸರಾಗ ಎಂದಾದರೆ ಬೀದಿಯ ವೋಲ್ಟೇಜ್. ಬೆಳಗ್ಗೆ ಆರಕ್ಕೆ ನಿಂತರೆ ಗೀಸರ್ ಯಾರು ಹಾಕಿದರು ಎಂದು ಕೇಳಿ. ಮಳೆ ಬಂದ ದಿನ ಮಾತ್ರ ಆದರೆ ನೀರು ಎಲ್ಲಿ ಸೇರುತ್ತಿದೆ ಎಂದು ನೋಡಿ.

ಆದ್ದರಿಂದ ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಹಾಕಿದ ಹೊತ್ತು, ನಿಂತ ಹೊತ್ತು, ಡಬ್ಬಿಯಲ್ಲಿ ಯಾವ ದೀಪ ಎಷ್ಟು ಸಲ ಮಿನುಗಿತು, ಡಿಬಿಯಲ್ಲಿ ಯಾವುದು ಕೆಳಗೆ ಬಿದ್ದಿತ್ತು. ಬಹಳ ಕಾರುಗಳ ಮೊಬೈಲ್ ಆ್ಯಪ್‌ನಲ್ಲಿ ಚಾರ್ಜ್ ನಿಂತ ಗಳಿಗೆ ಸಿಗುತ್ತದೆ. ಈ ಚೀಟಿ ಇದ್ದರೆ ನನಗೆ ಒಂದು ಗಂಟೆಯ ಹುಡುಕಾಟ ಉಳಿಯುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಅದೇ ಕಾರು, ಅದೇ ಚಾರ್ಜರ್ ತೆಗೆದುಕೊಂಡು ವೈರಿಂಗ್ ಚೆನ್ನಾಗಿರುವ ನೆಂಟರ ಮನೆಯಲ್ಲಿ ಎರಡು ಗಂಟೆ ಹಾಕಿ. ಅಲ್ಲಿ ನಡೆದರೆ ದೋಷ ನಿಮ್ಮ ಮನೆಯದು. ಅಲ್ಲೂ ನಿಂತರೆ, ಸಾರ್ವಜನಿಕ ಎಸಿ ಚಾರ್ಜರಿನಲ್ಲಿ ಹಾಕಿ ನೋಡಿ. ಅಲ್ಲಿ ನಡೆದರೆ ನಿಮ್ಮ ಚಾರ್ಜರ್ ಕೆಟ್ಟಿದೆ, ನಡೆಯದಿದ್ದರೆ ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್ (ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ಬದಲಿಸುವ ಭಾಗ) ಮೇಲೆ ಅನುಮಾನ. ಇಲ್ಲಿ ಡಿಸಿ ಫಾಸ್ಟ್ ಚಾರ್ಜರಿನಲ್ಲಿ ಹಾಕಿ ನೋಡಿದರೆ ಪ್ರಯೋಜನವಿಲ್ಲ. ಅದು ಆನ್‌ಬೋರ್ಡ್ ಚಾರ್ಜರನ್ನು ಬಳಸದೆ ನೇರ ಬ್ಯಾಟರಿಗೆ ಕೊಡುತ್ತದೆ.

ಮುಕ್ಕಾಲು ಗಂಟೆಗೆ ನಿಂತರೆ: ಬಿಸಿ ಎಲ್ಲಿದೆ?

ಮೇಷ್ಟ್ರ ಮನೆಯ ಚೀಟಿ ಸ್ಪಷ್ಟವಾಗಿತ್ತು. 45 ನಿಮಿಷ, 50 ನಿಮಿಷ, 40 ನಿಮಿಷ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್, ಬಿದ್ದಿರಲಿಲ್ಲ. ಡಬ್ಬಿಯೇ ನಿಲ್ಲಿಸುತ್ತಿತ್ತು, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿದರೆ ಹತ್ತಿಕೊಳ್ಳುತ್ತಿತ್ತು. ಕೆಲವು ಚಾರ್ಜರ್‌ಗಳ ಮೂರು ಪಿನ್ ಪ್ಲಗ್ಗಿನ ಒಳಗೇ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಪ್ಲಗ್ ಮಿತಿ ಮೀರಿ ಕಾದರೆ ಚಾರ್ಜ್ ನಿಲ್ಲಿಸುತ್ತದೆ, ತಣಿದರೆ ಮತ್ತೆ ಬಿಡುತ್ತದೆ.

ಅಷ್ಟರಲ್ಲಿ ಮೇಷ್ಟ್ರ ಮನೆಯವರು ಒಂದು ಮಾತು ಹೇಳಿದರು: "ನಮ್ಮನೇಲಿ ಮೀನು ಮಾಡಲ್ಲ. ಆದ್ರೂ ರಾತ್ರಿ ಪೋರ್ಟಿಕೋದಲ್ಲಿ ಒಣಮೀನು ಸುಟ್ಟ ಹಾಗೆ ವಾಸನೆ ಬರುತ್ತೆ." ನಾನು ಕೂಡಲೇ ಆ ಪಾಯಿಂಟಿನ ಎಂಸಿಬಿ ಆರಿಸಿದೆ. ಸ್ವಿಚ್ ಸಾಕೆಟ್‌ಗಳಿಗೆ ಬಳಸುವ ಕೆಲವು ಗಟ್ಟಿ ಪ್ಲಾಸ್ಟಿಕ್‌ಗಳು ಅತಿಯಾಗಿ ಕಾದಾಗ ಬರುವುದು ಅದೇ ವಾಸನೆ. ಬೆಂಕಿ ಕಾಣುವ ಮೊದಲು ಮನೆ ಕೊಡುವ ಕೊನೆಯ ಸೂಚನೆ ಅದು. ಆ ವಾಸನೆ ಬಂದ ಮೇಲೆ "ಇವತ್ತೊಂದು ರಾತ್ರಿ ಹಾಕಿಬಿಡೋಣ" ಎನ್ನಬೇಡಿ.

ಸಾಕೆಟ್ಟಿನೊಳಗೆ ಪಿನ್ನನ್ನು ಹಿಡಿಯುವುದು ಹಿತ್ತಾಳೆಯ ಎರಡು ತುಟಿಗಳು. ಹಳೆಯದಾದರೆ ಹಿಡಿತ ಸಡಿಲವಾಗುತ್ತದೆ, ಮೇಲೆ ಕಪ್ಪು ಪದರ ಕಟ್ಟುತ್ತದೆ. ಅಲ್ಲಿ ಬರೀ 0.1 ಓಮ್ ತಡೆ ಬಂದರೂ ಸಾಕು: ಬಿಸಿ ಎಂದರೆ ಕರೆಂಟಿನ ವರ್ಗ ಗುಣಿಸು ತಡೆ, 14 ಗುಣಿಸು 14 ಗುಣಿಸು 0.1, ಸುಮಾರು 20 ವ್ಯಾಟ್. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟ್. ಹತ್ತಿರ ಹತ್ತಿರ ಅಂಥದ್ದೊಂದನ್ನು ಗೋಡೆಯೊಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತು ಗಂಟೆ ಹಚ್ಚಿಟ್ಟ ಹಾಗಾಯಿತು. ಕಾದ ಹಿತ್ತಾಳೆ ಇನ್ನೂ ಮೆತ್ತಗಾಗುತ್ತದೆ, ಹಿಡಿತ ಇನ್ನೂ ಸಡಿಲ, ತಡೆ ಇನ್ನೂ ಹೆಚ್ಚು. ಮೊದಲು ವಾರಕ್ಕೊಮ್ಮೆ ನಿಂತದ್ದು ಆಮೇಲೆ ದಿನಾ ನಿಲ್ಲುವುದು ಹೀಗೆ.

ಪರೀಕ್ಷೆ ಮಾಡುವ ಬಗೆ: ಅರ್ಧ ಗಂಟೆ ಚಾರ್ಜ್ ಆದ ಮೇಲೆ ಮೊದಲು ಕಾರಿನಿಂದ ಅಥವಾ ಆ್ಯಪ್‌ನಿಂದ ಚಾರ್ಜ್ ನಿಲ್ಲಿಸಿ, ಸಾಕೆಟ್ಟಿನ ಸ್ವಿಚ್ ಆರಿಸಿ, ಪ್ಲಗ್ಗಿನ ಮೈಯನ್ನು ಹಿಂಗೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಎರಡು ಮೂರು ಸೆಕೆಂಡ್ ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಆ ಸಾಕೆಟ್ ಬದಲಾಗಲೇಬೇಕು. ಕೋವಿಡ್ ಕಾಲದಲ್ಲಿ ಕೊಂಡ ಹಣೆ ಥರ್ಮಾಮೀಟರ್ ಇದಕ್ಕೆ ಆಗದು, ಅದು ಜ್ವರದ ಮಟ್ಟವನ್ನಷ್ಟೇ ಓದುತ್ತದೆ. ಮೆಕ್ಯಾನಿಕ್‌ಗಳು ಬಳಸುವ ಇನ್ಫ್ರಾರೆಡ್ ಥರ್ಮಾಮೀಟರ್ ಬೇಕು. ಸಾಕೆಟ್ಟಿನ ತೂತುಗಳ ಸುತ್ತ ಹಳದಿ ಅಥವಾ ಕಂದು ಕಲೆ, ಪಿನ್ನಿನ ಮೇಲೆ ನೀಲಿಗಪ್ಪು ಬಣ್ಣ ಕಂಡರೆ ಅಳೆಯುವುದೇ ಬೇಡ.

ಬಿಸಿಯೇ ಕಾರಣ ಹೌದೋ ಅಲ್ಲವೋ ಎಂದು ತಿಳಿಯಲು ಕರೆಂಟ್ ತಗ್ಗಿಸಿ ನೋಡಬಹುದು. ಬಹಳ ಕಾರುಗಳಲ್ಲಿ ಅಥವಾ ಚಾರ್ಜರ್‌ಗಳಲ್ಲಿ ಆಂಪ್ ಇಳಿಸುವ ಸೌಲಭ್ಯ ಇದೆ. 14ರಿಂದ 10 ಆಂಪ್‌ಗೆ ಇಳಿಸಿದರೆ ಬಿಸಿ ಅರ್ಧಕ್ಕರ್ಧ ಇಳಿಯುತ್ತದೆ, ಏಕೆಂದರೆ ಲೆಕ್ಕ ವರ್ಗದ್ದು. 10 ಆಂಪ್‌ನಲ್ಲಿ ರಾತ್ರಿಯಿಡೀ ನಡೆದು 14ರಲ್ಲಿ ನಿಂತರೆ ಬಿಸಿ ಎಂದೇ ಹಿಡಿಯಿರಿ. ವಾಸನೆಯಾಗಲಿ ಕಲೆಯಾಗಲಿ ಇಲ್ಲದಿದ್ದರೆ ಮಾತ್ರ, ಎಲೆಕ್ಟ್ರಿಷಿಯನ್ ಬರುವವರೆಗೆ ಹಾಗೇ ಕಡಿಮೆಯಲ್ಲಿ ನಡೆಸಬಹುದು.

ಸಾಕೆಟ್ ಹೊಸದು ಹಾಕಿದರೂ ತೊಂದರೆ ಹೋಗದಿದ್ದರೆ ಬಿಸಿ ಇನ್ನೂ ಹಿಂದೆ ಇದೆ. ಅದನ್ನು ಹುಡುಕಲು ನಾನು ಮಾಡುವುದು ವೋಲ್ಟೇಜ್ ಲೆಕ್ಕ. ಮೇಷ್ಟ್ರ ಮನೆಯಲ್ಲಿ ಸುಟ್ಟ ಸಾಕೆಟ್ ತೆಗೆದು ಹೊಸದು ಹಾಕಿದ ಮೇಲೆ ಅಳೆದೆ. ಚಾರ್ಜ್ ಇಲ್ಲದಾಗ ಡಿಬಿಯಲ್ಲೂ ಪೋರ್ಟಿಕೋದಲ್ಲೂ 229 ವೋಲ್ಟ್. 14 ಆಂಪ್ ಹರಿಯುತ್ತಿದ್ದಾಗ ಡಿಬಿಯಲ್ಲಿ 224, ಪೋರ್ಟಿಕೋದಲ್ಲಿ 213. ಅಂದರೆ ಕಂಬದಿಂದ ಡಿಬಿವರೆಗೆ 5 ವೋಲ್ಟ್, ಮನೆಯೊಳಗೆ 11 ವೋಲ್ಟ್ ಸೋರಿಹೋಯಿತು. ಅಲ್ಲಿದ್ದದ್ದು 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ಉದ್ದ ಸುಮಾರು 28 ಮೀಟರ್. ಹೋಗಿ ಬರುವ ದಾರಿ ಸೇರಿಸಿದರೆ ತಡೆ 0.4 ಓಮ್. 14 ಆಂಪ್‌ಗೆ ನ್ಯಾಯವಾಗಿ ಬೀಳಬೇಕಾದ್ದು ಆರು ವೋಲ್ಟ್ ಒಳಗೆ. ಉಳಿದ ಐದು ವೋಲ್ಟ್ ಯಾವುದೋ ಜೋಡಣೆಯಲ್ಲಿ ಕಳೆಯುತ್ತಿತ್ತು. 5 ಗುಣಿಸು 14, ಅಂದರೆ 70 ವ್ಯಾಟ್ ಬಿಸಿ, ಗೋಡೆಯೊಳಗೆ ಎಲ್ಲೋ.

ಸಿಕ್ಕಿದ್ದು ಯುಟಿಲಿಟಿಯಲ್ಲಿ. ಮನೆ ಕಟ್ಟುವಾಗ ಪೋರ್ಟಿಕೋದ ಪಾಯಿಂಟಿಗೆ ಡಿಬಿಯಿಂದ ಬೇರೆ ಲೈನ್ ಎಳೆದಿರಲಿಲ್ಲ. ವಾಷಿಂಗ್ ಮೆಷಿನ್ ಸಾಕೆಟ್ಟಿನಿಂದಲೇ ಲೂಪ್ ತೆಗೆದಿದ್ದರು. ಅಲ್ಲಿ ಒಂದೇ ಸ್ಕ್ರೂ ಕೆಳಗೆ ಎರಡು ವೈರ್ ಸೇರಿಸಿ ಬಿಗಿದದ್ದು ಒಂದು ಕಡೆ ಸಡಿಲವಾಗಿ, ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಅಂಗುಲದಷ್ಟು ಸುಟ್ಟು ಕರಿಯಾಗಿತ್ತು. ನೆಲ ಒರೆಸುವಾಗ ನೀರು ಸಿಡಿಯುವ ಜಾಗ ಅದು. ಕಾರು ನಿಂತಲ್ಲಿಂದ ಎರಡು ಗೋಡೆ ಆಚೆ.

ಇಲ್ಲೇ ಇನ್ನೊಂದು ಮಾತು. 16 ಆಂಪ್ ಪ್ಲಗ್ಗನ್ನು ಸಣ್ಣ ಪ್ಲಗ್ಗಿಗೆ ಬದಲಿಸುವ ಕನ್ವರ್ಟರ್, ಟಿವಿಗೆ ಹಾಕುವ ಎಕ್ಸ್‌ಟೆನ್ಷನ್ ಬಾಕ್ಸ್, ಮಿಕ್ಕಿದ ಕೇಬಲ್ ಸುರುಳಿ, ಇವುಗಳಿಂದ ಕಾರು ಚಾರ್ಜ್ ಮಾಡುವುದನ್ನು ನೋಡಿದ್ದೇನೆ. ಸುತ್ತಿದ ಕೇಬಲ್‌ನ ಬಿಸಿ ಹೊರಗೆ ಹೋಗಲಾರದೆ ಒಳಸುತ್ತುಗಳು ಒಂದಕ್ಕೊಂದು ಅಂಟಿಹೋದದ್ದನ್ನೂ ಬಿಡಿಸಿದ್ದೇನೆ. ಹೀಗೆ ನಡೆಸುತ್ತಿದ್ದರೆ ದೋಷ ಹುಡುಕುವ ಅಗತ್ಯವೇ ಇಲ್ಲ. ಅದನ್ನು ತೆಗೆಯಿರಿ.

ಎಂಸಿಬಿ ಬಿದ್ದರೆ ದೊಡ್ಡದು ಹಾಕಬೇಡಿ

ಎಂಸಿಬಿ ಎರಡು ಬಗೆಯಲ್ಲಿ ಬೀಳುತ್ತದೆ. ಹಾಕಿದ ಕ್ಷಣವೇ ಪಟ್ಟನೆ ಬಿದ್ದರೆ ಎಲ್ಲೋ ಶಾರ್ಟ್. ಮತ್ತೆ ಮತ್ತೆ ಎತ್ತಬೇಡಿ. ಗಂಟೆಗಟ್ಟಲೆ ನಡೆದು ಬಿದ್ದರೆ ಒಳಗಿನ ಲೋಹದ ಪಟ್ಟಿ ಕಾದು ಬಾಗಿದೆ ಎಂದರ್ಥ. ಈ ಪಟ್ಟಿಯನ್ನು ಹೊಂದಿಸುವುದು 30 ಡಿಗ್ರಿ ಸೆಲ್ಸಿಯಸ್ ವಾತಾವರಣಕ್ಕೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಹೊರಗೇ 42 ಡಿಗ್ರಿ ಇರುವಾಗ, ಪಡುವಣ ಬಿಸಿಲು ಬೀಳುವ ಗೋಡೆಯ ಕಬ್ಬಿಣದ ಡಬ್ಬಿಯೊಳಗಿನ 16 ಆಂಪ್ ಎಂಸಿಬಿ 14 ಆಂಪ್‌ಗೇ ಬಿದ್ದರೆ ಅದರ ತಪ್ಪಲ್ಲ. ಪಕ್ಕದ ಎಂಸಿಬಿಗಳೂ ಕಾದಿದ್ದರೆ ಇನ್ನೂ ಬೇಗ ಬೀಳುತ್ತದೆ. ತುದಿಯ ಸ್ಕ್ರೂ ಸಡಿಲವಿದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಮೊದಲು ಅದನ್ನು ಬಿಗಿ ಮಾಡಿ ನೋಡಬೇಕು.

ಇಲ್ಲಿ ನಡೆಯುವ ದೊಡ್ಡ ತಪ್ಪು, 16 ತೆಗೆದು 32 ಹಾಕುವುದು. ಕಾರು ಆಗ ಬೆಳಗಿನವರೆಗೂ ಚಾರ್ಜ್ ಆಗುತ್ತದೆ, ಮನೆಯವರಿಗೂ ಸಮಾಧಾನ. ಆದರೆ 32 ಆಂಪ್ ಎಂಸಿಬಿ 36 ಆಂಪ್ ಹರಿದರೂ ಒಂದು ಗಂಟೆ ಬೀಳದೆ ನಿಲ್ಲಬೇಕು ಎಂದೇ ತಯಾರಿಕೆಯ ನಿಯಮ. ಗೋಡೆಯೊಳಗಿನ 2.5ರ ವೈರ್ ಅಷ್ಟು ತಡೆಯಲಾರದು. ಎಂಸಿಬಿ ಇರುವುದು ವೈರನ್ನು ಕಾಯಲಿಕ್ಕೆ. ವೈರ್ ದಪ್ಪವಾಗದೆ ಎಂಸಿಬಿ ದೊಡ್ಡದಾಗಬಾರದು. ನಾನು ಪಾಲಿಸುವ ಲೆಕ್ಕ ಇದು: ಗಂಟೆಗಟ್ಟಲೆ ಹರಿಯುವ ಕರೆಂಟ್ ಎಂಸಿಬಿಯ ಅಳತೆಯಲ್ಲಿ ನೂರಕ್ಕೆ ಎಂಬತ್ತನ್ನು ದಾಟಬಾರದು. 3.3 ಕಿಲೋವ್ಯಾಟ್ ಚಾರ್ಜರ್‌ಗೆ 20 ಆಂಪ್ ಎಂಸಿಬಿ, ಡಿಬಿಯಿಂದ ನೇರ ಎಳೆದ 4 ಚದರ ಮಿಲಿಮೀಟರಿನ ತಾಮ್ರದ ವೈರ್, ನಡುವೆ ಬೇರೆ ಯಾವ ಪಾಯಿಂಟೂ ಇಲ್ಲ.

ಬೀಳುವುದು ಮೀಟರ್ ಪಕ್ಕದ ಮೇನ್ ಆಗಿದ್ದರೆ ಮನೆಯ ಒಟ್ಟು ಲೋಡ್ ನೋಡಿ. ಕಾರು 3.3, ಗೀಸರ್ 2, ಇಂಡಕ್ಷನ್ ಒಲೆ 2, ಮುಕ್ಕಾಲು ಹೆಚ್‌ಪಿ ಬಾವಿ ಮೋಟರ್, ಎಲ್ಲ ಒಟ್ಟಿಗೆ ಓಡಿದರೆ 34 ಆಂಪ್ ದಾಟುತ್ತದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಎಂದಿದ್ದರೆ ಕಾರು ಒಂದೇ ಅದನ್ನು ಮೀರಿತು. ಚಾರ್ಜ್ ಶುರುವಾಗುವ ಹೊತ್ತನ್ನು ಕಾರಿನಲ್ಲೇ ರಾತ್ರಿ ಹನ್ನೊಂದಕ್ಕೆ ಹೊಂದಿಸಿ, ಬೆಳಗಿನ ಗೀಸರ್ ಹೊತ್ತಿಗೆ ಮುಗಿಯುವಂತೆ ಮಾಡಿದರೆ ಬೀಳುವುದು ನಿಲ್ಲುತ್ತದೆ. ಆದರೂ ಲೋಡ್ ಹೆಚ್ಚಿಸಲು ಎಸ್ಕಾಂಗೆ (ವಿದ್ಯುತ್ ಕಂಪನಿಗೆ) ಅರ್ಜಿ ಕೊಡಲೇಬೇಕು. ಬೀದಿಯ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಅವರಿಗೆ ಗೊತ್ತಾಗುವುದು ಹಾಗೆಯೇ. ಬೇಕಿದ್ದರೆ ಕಾರಿಗೇ ಪ್ರತ್ಯೇಕ ಮೀಟರ್ ಕೇಳಬಹುದು, ವಿದ್ಯುತ್ ವಾಹನ ಚಾರ್ಜಿಂಗ್‌ಗೆ ಕರ್ನಾಟಕದಲ್ಲಿ ಬೇರೆ ದರವಿದೆ. ಗೃಹಜ್ಯೋತಿಯಲ್ಲಿರುವ ಮನೆಗಳು ಇದನ್ನು ಯೋಚಿಸಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ನೂರ ಮೂವತ್ತು ಯೂನಿಟ್‌ನಷ್ಟು ಸೇರುತ್ತದೆ, ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಅರ್ಥ್ ಇಲ್ಲ ಎಂದು ಕೆಂಪು ದೀಪ ಬಂದರೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಫ್ರಿಜ್ಜು, ಮಿಕ್ಸಿ, ಗೀಸರ್ ಯಾವುದೂ ಅರ್ಥ್ ಇದೆಯೇ ಎಂದು ಕೇಳುವುದಿಲ್ಲ. ಅರ್ಥ್ ಇಲ್ಲದೆ ಇಪ್ಪತ್ತು ವರ್ಷ ನಡೆಯುತ್ತವೆ. ಕೇಳುವ ಮೊದಲ ಸಾಮಾನು ಕಾರ್ ಚಾರ್ಜರ್. ಹಾಗಾಗಿ ಎಷ್ಟೋ ಮನೆಗಳಿಗೆ ತಮ್ಮಲ್ಲಿ ಅರ್ಥ್ ಇಲ್ಲವೆಂದು ಗೊತ್ತಾಗುವುದೇ ಕಾರು ತಂದ ದಿನ.

ಅಳತೆ ಸರಳ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230ರ ಆಸುಪಾಸು, ಫೇಸ್‌ಗೂ ಅರ್ಥ್‌ಗೂ ನಡುವೆ ಹೆಚ್ಚು ಕಡಿಮೆ ಅಷ್ಟೇ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಲೋಡ್ ಇಲ್ಲದಾಗ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಫೇಸ್‌ಗೂ ಅರ್ಥ್‌ಗೂ ನಡುವೆ 120, 150 ಎಂದೆಲ್ಲ ತೋರಿಸಿದರೆ ಅರ್ಥ್ ವೈರ್ ಎಲ್ಲೂ ಸೇರಿಲ್ಲ, ಗಾಳಿಯಲ್ಲಿ ತೇಲುತ್ತಿದೆ. 225 ತೋರಿಸಿದರೂ ನಂಬಿ ಕೂರಬೇಡಿ. ಮಲ್ಟಿಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ತುಕ್ಕು ಹಿಡಿದ ಒಂದು ಎಳೆ ಉಳಿದಿದ್ದರೂ ಅದು ಸರಿ ಎಂದೇ ತೋರಿಸುತ್ತದೆ. ಅರ್ಥ್ ಟೆಸ್ಟರ್ ತಂದು, ಅರ್ಥ್ ವೈರ್ ನೆಲ ಸೇರುವ ಗುಂಡಿಯ ತಡೆ ಅಳೆಯಬೇಕು. ಮನೆಗೆ 5 ಓಮ್ ಒಳಗೆ ಬರಲಿ ಎಂಬುದು ನಮ್ಮವರ ರೂಢಿ.

ಗುಂಡಿಯಲ್ಲಿ ಇದ್ದಿಲು, ಉಪ್ಪು ಹಾಕಿ ಜಿಐ ಪೈಪ್ ನೆಟ್ಟು ಹತ್ತು ವರ್ಷ ಯಾರೂ ತಿರುಗಿ ನೋಡಿರುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ ತಡೆ ಏರುತ್ತದೆ. ಕಲ್ಲು ನೆಲದ ಊರುಗಳಲ್ಲಿ ಇನ್ನೂ ಹೆಚ್ಚು. ನಾಲ್ಕು ಕೊಡ ನೀರು ಹಾಕಿ ಮರುದಿನ ಅಳೆದರೆ ವ್ಯತ್ಯಾಸ ಗೊತ್ತಾಗುತ್ತದೆ. ನೀರು ಹಾಕಿದಾಗ ಸರಿಹೋಗಿ ವಾರಕ್ಕೆ ಮತ್ತೆ ಕೆಂಪು ದೀಪ ಬಂದರೆ ಗುಂಡಿ ಹೊಸದಾಗಿ ಮಾಡಬೇಕು, ಇಲ್ಲವೇ ಎರಡನೆಯದು ಸೇರಿಸಬೇಕು. ಆದರೆ ನಾನು ಹೆಚ್ಚಾಗಿ ಕಂಡದ್ದು ಗುಂಡಿಯ ದೋಷವಲ್ಲ, ಗುಂಡಿಯಿಂದ ಡಿಬಿಗೆ ಬರುವ ವೈರ್ ನಟ್ಟಿನ ಹತ್ತಿರ ತುಕ್ಕು ತಿಂದು ಕಡಿದಿರುವುದು. ಹಳೆಯ ಮನೆಗಳಲ್ಲಿ ಇನ್ನೊಂದು ಕಥೆ ಇದೆ. ಆಗ ಅರ್ಥ್ ವೈರನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿಬಿಡುತ್ತಿದ್ದರು. ಆಮೇಲೆ ಯಾವಾಗಲೋ ಪ್ಲಂಬರ್ ಬಂದು ನೆಲದೊಳಗಿನ ಪೈಪ್ ತೆಗೆದು ಪಿವಿಸಿ ಹಾಕಿದ. ಗೋಡೆಯಲ್ಲಿ ಒಂದು ಮೊಳ ಕಬ್ಬಿಣ ಉಳಿಯಿತು, ಅದಕ್ಕೆ ಸುತ್ತಿದ ಅರ್ಥ್ ವೈರೂ ಉಳಿಯಿತು. ನೋಡಿದವರಿಗೆ ಅರ್ಥ್ ಇದೆ. ಮನೆಗೆ ಇಲ್ಲ.

ಈಗ ಹೇಳಬೇಕಾದ ಮುಖ್ಯ ಮಾತು. ಕೆಂಪು ದೀಪ ಹೋಗಲಿ ಎಂದು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿಕೊಡುವವರಿದ್ದಾರೆ. ಐದು ನಿಮಿಷದ ಕೆಲಸ, ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಆ ತುಂಡು ವೈರ್ ಏನು ಮಾಡುತ್ತದೆ ಎಂದು ಯೋಚಿಸಿ. ಕಾರಿನ ಲೋಹದ ಮೈ ಪೂರ್ತಿ ಅರ್ಥ್ ಪಿನ್ನಿಗೆ ಸೇರಿರುತ್ತದೆ. ಈಗ ಅದು ನ್ಯೂಟ್ರಲ್‌ಗೆ ಸೇರಿತು. ಗಾಳಿ ಮಳೆಯಲ್ಲಿ ಕಂಬದ ಮೇಲೋ, ಡಿಬಿಯಲ್ಲೋ ನ್ಯೂಟ್ರಲ್ ಕಡಿದರೆ, ಮನೆಯಲ್ಲಿ ಹಚ್ಚಿಟ್ಟ ದೀಪ ಫ್ಯಾನುಗಳ ಮೂಲಕ 230 ವೋಲ್ಟ್ ಆ ಕಡಿದ ನ್ಯೂಟ್ರಲ್‌ಗೆ ಬರುತ್ತದೆ, ಅಲ್ಲಿಂದ ಕಾರಿನ ಮೈಗೆ. ಕಾರು ನಿಂತಿರುವುದು ರಬ್ಬರ್ ಚಕ್ರದ ಮೇಲೆ, ನೆಲಕ್ಕೆ ಹೋಗಲು ದಾರಿಯಿಲ್ಲ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ಬರಿಗಾಲಲ್ಲಿ ನಿಂತವರು ಬಾಗಿಲಿನ ಹಿಡಿಕೆ ಮುಟ್ಟಿದರೆ ಅವರ ಮೈಯೇ ದಾರಿ. ಹಿಂದೆ ಬೇರೆ ಯಾರಾದರೂ ಕೆಲಸ ಮಾಡಿಕೊಟ್ಟಿದ್ದರೆ, ಅರ್ಥ್ ಸರಿಪಡಿಸದೆಯೇ ಕೆಂಪು ದೀಪ ಹೋಗಿದ್ದರೆ, ಇವತ್ತೇ ಆ ಸಾಕೆಟ್ ಬಿಚ್ಚಿಸಿ ನೋಡಿ. ಅಳತೆಯಲ್ಲೂ ಇದು ಸಿಕ್ಕಿಬೀಳುತ್ತದೆ: 14 ಆಂಪ್ ಹರಿಯುತ್ತಿರುವಾಗಲೂ ಆ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಸೊನ್ನೆ ತೋರಿಸಿದರೆ ತುಂಡು ವೈರ್ ಅಲ್ಲೇ ಇದೆ ಎಂದು ಅನುಮಾನಿಸಬೇಕು. ಬೇರೆ ಬೇರೆಯಾಗಿ ಬಂದಿದ್ದರೆ ಒಂದೆರಡು ವೋಲ್ಟಾದರೂ ಇದ್ದೇ ಇರುತ್ತದೆ.

ಅರ್ಥ್ ಸರಿಯಿದ್ದೂ ಕೆಂಪು ದೀಪ ಬಂದರೆ ಫೇಸ್ ನ್ಯೂಟ್ರಲ್ ಅದಲು ಬದಲಾಗಿರಬಹುದು. ದೊಡ್ಡ ತೂತು ಮೇಲಿರುವಂತೆ ಸಾಕೆಟ್ಟಿಗೆ ಎದುರಾಗಿ ನಿಂತರೆ ಬಲಗಡೆ ಫೇಸ್ ಇರಬೇಕು. ಕೆಲವು ಚಾರ್ಜರ್‌ಗಳು ತಿರುಗುಮುರುಗಾದರೆ ಕೆಲಸ ಮಾಡುವುದಿಲ್ಲ.

ಆರ್‌ಸಿಸಿಬಿ ಬೀಳುತ್ತಿದ್ದರೆ

ಜನ ಈಗಲೂ ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. ಟೆಸ್ಟ್ ಬಟನ್ ಇರುವುದು. 30 ಮಿಲಿಆಂಪ್ ಎಂದು ಬರೆದಿದ್ದರೂ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ನಿಯಮ ಹಾಗೇ ಇದೆ. ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರ್ ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಅರ್ಥ್‌ಗೆ ಸೋರುತ್ತಿರುತ್ತದೆ. ಅದರ ಮೇಲೆ ಕಾರಿನದೂ ಸೇರಿ ಮಿತಿ ಮುಟ್ಟುತ್ತದೆ. ಉಳಿದದ್ದೆಲ್ಲ ಆರಿಸಿ ಕಾರನ್ನು ಮಾತ್ರ ಹಾಕಿ. ಆಗ ಬೀಳದಿದ್ದರೆ ಕಾರಿಗೆ ಬೇರೆ ಆರ್‌ಸಿಸಿಬಿ ಕೊಟ್ಟರೆ ಮುಗಿಯಿತು. ಒಂಟಿಯಾಗಿದ್ದರೂ ಬಿದ್ದರೆ ಗನ್ ಕಾರಿಗೆ ಹಾಕದೆ ನೋಡಿ. ಡಬ್ಬಿ ಮಾತ್ರ ಇದ್ದಾಗಲೂ ಬಿದ್ದರೆ ಮನೆಯ ವೈರ್ ಅಥವಾ ಪ್ಲಗ್. ಗನ್ ಹಾಕಿ ಟಕ್ ಎಂದ ಮೇಲೆ ಬಿದ್ದರೆ ಗನ್ನಿನೊಳಗೆ ನೀರು, ಕೇಬಲ್, ಇಲ್ಲವೇ ಕಾರು.

ಕಾರಿಗೂ ಯುಪಿಎಸ್ ಲೈನಿಗೂ ನ್ಯೂಟ್ರಲ್ ಒಂದೇ ಕಡೆ ಕೂಡಿಸಿದ್ದರೆ ಯಾವ ದೋಷವೂ ಇಲ್ಲದೆ ಆರ್‌ಸಿಸಿಬಿ ಬೀಳುತ್ತದೆ. ಅದರ ಮೂಲಕ ಹೋದ ಕರೆಂಟ್ ಅದರ ಮೂಲಕವೇ ಹಿಂದೆ ಬರಬೇಕು. ಯುಪಿಎಸ್ ಇರುವ ಮನೆಗಳಲ್ಲಿ ಮೊದಲು ಇದನ್ನು ನೋಡಿ.

ಬಗೆಯೂ ಮುಖ್ಯ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಟೈಪ್ ಎಸಿ. ಕಾರಿನಿಂದ ನೇರ ಕರೆಂಟ್ (ಡಿಸಿ) ಸ್ವಲ್ಪ ಸೋರಿದರೂ ಇದರೊಳಗಿನ ಕಬ್ಬಿಣದ ಉಂಗುರ ಮಂಕಾಗಿ, ನಿಜವಾದ ಶಾಕ್ ಹೊಡೆದಾಗ ಬೀಳದೆ ಉಳಿಯಬಹುದು. ಕಾರಿಗೆ ಟೈಪ್ ಎ ಬೇಕು, ಜೊತೆಗೆ ಚಾರ್ಜರಿನಲ್ಲೇ 6 ಮಿಲಿಆಂಪ್ ನೇರ ಕರೆಂಟ್ ಸೋರಿಕೆ ಹಿಡಿಯುವ ಏರ್ಪಾಡು ಇರಬೇಕು. ಅದಿಲ್ಲದಿದ್ದರೆ ಟೈಪ್ ಬಿ.

ಸಂಜೆ ಮಾತ್ರ ನಿಂತರೆ, ದೀಪಗಳು ಮಿನುಗಿದರೆ

ಚಾರ್ಜ್ ಹಾಕಿದಾಗ ಡಿಬಿಯಲ್ಲೇ ವೋಲ್ಟೇಜ್ ಹದಿನೈದು ಇಪ್ಪತ್ತು ಇಳಿದರೆ ದೋಷ ಮನೆಯ ಹೊರಗೆ. ಕಂಬದಿಂದ ಬರುವ ಅಲ್ಯೂಮಿನಿಯಂ ಸರ್ವೀಸ್ ವೈರ್, ಅದು ತಾಮ್ರಕ್ಕೆ ಸೇರುವ ಜಾಗ, ಮೀಟರಿನ ತುದಿಗಳು. ಸೀಲ್ ಇರುವುದನ್ನು ಮನೆಯವರಾಗಲಿ ನಾನಾಗಲಿ ಮುಟ್ಟುವಂತಿಲ್ಲ. ಎಸ್ಕಾಂನ 1912ಕ್ಕೆ ದೂರು ಕೊಟ್ಟು ಲೈನ್‌ಮನ್ ಕರೆಸಿ, ಎರಡು ಅಳತೆಗಳನ್ನೂ ಬರೆದುಕೊಡಿ. ಚಾರ್ಜ್ ಇಲ್ಲದಾಗಲೂ ಸಂಜೆ 207ಕ್ಕಿಂತ ಕೆಳಗಿದ್ದರೆ ಟಿಸಿಯ ಮೇಲಿನ ಹೊರೆ ಹೆಚ್ಚಾಗಿದೆ.

ಮೂರು ಫೇಸ್ ಇರುವ ಮನೆಗಳಿಗೆ ಒಂದು ಎಚ್ಚರಿಕೆ. ಕಾರು ಹಾಕಿದಾಗ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯದು ಎಂದಿಗಿಂತ ಪ್ರಖರವಾದರೆ ಬೇರೇನೂ ಯೋಚಿಸದೆ ಮೇನ್ ಆರಿಸಿ. ಅದು ನ್ಯೂಟ್ರಲ್ ಸಡಿಲವಾದ ಲಕ್ಷಣ. ಪೂರ್ತಿ ಬಿಟ್ಟುಹೋದರೆ ಹಗುರ ಲೋಡ್ ಇರುವ ಫೇಸಿನ ಸಾಮಾನುಗಳಿಗೆ 230ರ ಬದಲು 400ರ ಹತ್ತಿರ ಬಂದು ಟಿವಿ, ಫ್ರಿಜ್ ಸುಡುತ್ತವೆ.

7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿಯೂ ನಿಧಾನವಾದರೆ

ಇದು ಬಹುಪಾಲು ದೋಷವೇ ಅಲ್ಲ. ಕಾರಿನ ಆನ್‌ಬೋರ್ಡ್ ಚಾರ್ಜರ್ 3.3ರದ್ದಾಗಿದ್ದರೆ ಗೋಡೆಯಲ್ಲಿ ಏನೇ ಹಾಕಿಸಿದರೂ 3.3ಕ್ಕಿಂತ ಹೆಚ್ಚು ಹೋಗದು. ಮೂರು ಫೇಸಿನ 11 ಕಿಲೋವ್ಯಾಟ್ ಬಾಕ್ಸ್ ಒಂದೊಂದು ಫೇಸಿಗೆ ಕೊಡುವುದು 16 ಆಂಪ್. ಒಂದೇ ಫೇಸ್ ಬಳಸುವ ಕಾರಿಗೆ ಅದರಿಂದ ಸಿಗುವುದು 3.7 ಮಾತ್ರ. ನಿಜವಾಗಿ 7.2 ಬೇಕಿದ್ದರೆ ಒಂದೇ ಫೇಸಿನಲ್ಲಿ 32 ಆಂಪ್ ಹೊತ್ತೊಯ್ಯುವ ಲೈನ್ ಬೇಕು: 40 ಆಂಪ್ ಎಂಸಿಬಿ, ಗೋಡೆಯೊಳಗೆ ಹೋಗುವುದಾದರೆ ನಾನು 10 ಚದರ ಮಿಲಿಮೀಟರಿನ ವೈರನ್ನೇ ಹಾಕುತ್ತೇನೆ. ಇದಕ್ಕೆ ಪ್ಲಗ್ ಇರುವುದಿಲ್ಲ, ವೈರ್ ನೇರ ಬಾಕ್ಸಿಗೇ ಸೇರಬೇಕು.

ಮೇಷ್ಟ್ರ ಮನೆಯಲ್ಲಿ ಹಳೆಯ ಲೂಪ್ ಕಡಿದುಹಾಕಿದೆವು. ಡಿಬಿಯಿಂದ ಹೊರಗೋಡೆಯ ಮೇಲೆ ಪಿವಿಸಿ ಪೈಪಿನಲ್ಲಿ 4ರ ವೈರ್, ದಾರಿ ನೇರವಾದ್ದರಿಂದ 22 ಮೀಟರ್ ಸಾಕಾಯಿತು. 20 ಆಂಪ್ ಎಂಸಿಬಿ, ಕಾರಿಗೇ ಒಂದು ಟೈಪ್ ಎ ಆರ್‌ಸಿಸಿಬಿ, ಮಳೆ ತಾಗದ ಡಬ್ಬಿಯಲ್ಲಿ ಐಎಸ್‌ಐ ಗುರುತಿನ ಗಟ್ಟಿ ಸಾಕೆಟ್. ಅರ್ಥ್ ಗುಂಡಿಯ ನಟ್ಟು ಬದಲಿಸಿ, ವೈರನ್ನು ಹೊಸದಾಗಿ ಎಳೆದೆವು. 14 ಆಂಪ್ ಹರಿಯುವಾಗ ಡಿಬಿಯಲ್ಲಿ 224, ಸಾಕೆಟ್ಟಿನಲ್ಲಿ 221. ಒಂದು ಗಂಟೆ ಬಿಟ್ಟು ಮೇಷ್ಟ್ರೇ ಬಂದು ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿದರು, ಬರೀ ಬೆಚ್ಚಗಿತ್ತು. ತಿಂಗಳು ಬಿಟ್ಟು ಹೋಗಿ ಡಿಬಿಯ ಮತ್ತು ಸಾಕೆಟ್ಟಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ ಬಂದೆ. ಹೊಸ ತಾಮ್ರ ಕಾದು ತಣಿದು ಒಂದಿಷ್ಟು ಕೂರುತ್ತದೆ. ಎರಡು ಸ್ಕ್ರೂ ಕಾಲು ಸುತ್ತಿನಷ್ಟು ತಿರುಗಿದವು.